ಕ್ಯೂಗೆ ಹಾಕಿದ ಮೇಲೂ ಹೊಣೆ ನಿಮ್ಮದೇ

ಬ್ಯಾಂಕು, ವಿಮೆ, ಟಿಕೆಟ್ ಬುಕಿಂಗ್, ಯಾವ ತಂಡಕ್ಕೆ ಸೇರಿದರೂ ಮೊದಲ ವಾರದಲ್ಲೇ ಯಾರಾದರೂ ನಿಮಗೆ ಹೇಳುತ್ತಾರೆ: "ಮೆಸೇಜನ್ನು ಕ್ಯೂಗೆ ಹಾಕಿಬಿಡು, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತೆ." ಈ ಮಾತನ್ನು ಅರ್ಧ ಮಾತ್ರ ನಂಬಿ.

ನಂಬಬೇಕಾದ ಅರ್ಧ ಇದು. ಒಂದು ಪ್ರೋಗ್ರಾಂ ಇನ್ನೊಂದನ್ನು ನೇರವಾಗಿ ಕರೆದರೆ ಎರಡೂ ಅದೇ ಕ್ಷಣದಲ್ಲಿ ಎದ್ದು ಕೂತಿರಬೇಕು. ನಡುವೆ ಕ್ಯೂ ಇದ್ದರೆ ಕಳಿಸುವವನು ಹಾಕಿ ಮುಂದೆ ಹೋಗುತ್ತಾನೆ, ಪಡೆಯುವವನು ಬಿಡುವಾದಾಗ ತೆಗೆದುಕೊಳ್ಳುತ್ತಾನೆ. ಮೇನ್‌ಫ್ರೇಮ್, ಯುನಿಕ್ಸ್, ಪಿಸಿ ಒಂದಕ್ಕೊಂದು ಸುಲಭವಾಗಿ ಮಾತಾಡದ ಕಾಲದಲ್ಲಿ, 1993ರಲ್ಲಿ, ಐಬಿಎಂ ಎಂಕ್ಯೂಸೀರೀಸ್ ತಂದದ್ದು ಇದಕ್ಕೇ. ಇವತ್ತಿಗೂ ಅದು ಐಬಿಎಂ ಎಂಕ್ಯೂ ಎಂಬ ಹೆಸರಲ್ಲಿ ದುಡಿಯುತ್ತಿದೆ. ಆಮೇಲೆ ರ್‍ಯಾಬಿಟ್‌ಎಂಕ್ಯೂ ಬಂತು, ಲಿಂಕ್ಡ್‌ಇನ್‌ನಲ್ಲಿ ಹುಟ್ಟಿದ ಕಾಫ್ಕಾ 2011ರಲ್ಲಿ ಓಪನ್ ಸೋರ್ಸ್ ಆಯಿತು. ಕಾಫ್ಕಾದಲ್ಲಿ ಓದಿದ ಮೆಸೇಜ್ ಅಳಿಯುವುದಿಲ್ಲ. ಅದರ ರೀತಿಯೇ ಬೇರೆ, ಅದನ್ನು ಪ್ರತ್ಯೇಕವಾಗಿ ಕಲಿಯಿರಿ.

ಇನ್ನು ನಂಬಬಾರದ ಅರ್ಧ. ಕ್ಯೂಗೆ ಹಾಕಿದ್ದೆಲ್ಲ ಡಿಸ್ಕಿಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಐಬಿಎಂ ಎಂಕ್ಯೂನಲ್ಲಿ ನೀವೇನೂ ಹೇಳದೆ ಕ್ಯೂ ಸೃಷ್ಟಿಸಿದರೆ ಅದರ ಡಿಫಾಲ್ಟ್ ನಾನ್-ಪರ್ಸಿಸ್ಟೆಂಟ್, ಅಂದರೆ ಮೆಸೇಜನ್ನು ಉಳಿಸಿಡುವ ಖಾತ್ರಿ ಇಲ್ಲ. ಕ್ಯೂಗಳನ್ನು ನಡೆಸುವ ಕ್ಯೂ ಮ್ಯಾನೇಜರ್ ನಿಂತು ಮತ್ತೆ ಶುರುವಾದರೆ ಅಂಥ ಮೆಸೇಜುಗಳು ಹೋದವೆಂದೇ ಲೆಕ್ಕ. ರ್‍ಯಾಬಿಟ್‌ಎಂಕ್ಯೂನಲ್ಲೂ ಕ್ಯೂವನ್ನು ಡ್ಯೂರಬಲ್ ಮಾಡಿದರಷ್ಟೇ ಸಾಲದು, ಮೆಸೇಜನ್ನೂ ಪರ್ಸಿಸ್ಟೆಂಟ್ ಎಂದು ಗುರುತಿಸಿ ಕಳಿಸಬೇಕು. ಹಣದ ವಿಷಯವಿದ್ದಲ್ಲಿ ಇದನ್ನು ನೀವೇ ತೆರೆದು ನೋಡಿ, ಬೇರೆಯವರ ಬಾಯಿಮಾತಿಗೆ ಬಿಡಬೇಡಿ.

ಕಳೆದುಹೋಗುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಒಂದೇ ಮೆಸೇಜ್ ಎರಡು ಸಲ ಬರುವುದು. ಒಂದು ಖಾತೆಯಿಂದ 500 ರೂಪಾಯಿ ಕಳೆಯಿರಿ ಎಂಬ ಮೆಸೇಜ್ ಇದೆ ಅನ್ನಿ. ನಿಮ್ಮ ಪ್ರೋಗ್ರಾಂ ಅದನ್ನು ತೆಗೆದು ಡೇಟಾಬೇಸಿನಲ್ಲಿ 500 ಕಳೆದು ಕಮಿಟ್ ಮಾಡಿತು. ಕ್ಯೂಗೆ "ಮುಗಿಸಿದೆ" ಎಂದು ತಿಳಿಸುವ ಮೊದಲೇ ಸರ್ವರ್ ಬಿತ್ತು. ಕ್ಯೂಗೆ ಗೊತ್ತಿರುವುದು ಕೆಲಸ ಮುಗಿದಿಲ್ಲ ಎಂದಷ್ಟೇ. ಅದು ಮೆಸೇಜನ್ನು ಮತ್ತೆ ಕೊಡುತ್ತದೆ, ಗ್ರಾಹಕನಿಂದ ಇನ್ನೊಂದು 500 ಹೋಗುತ್ತದೆ. ಇದರಲ್ಲಿ ಕ್ಯೂನ ತಪ್ಪೇನೂ ಇಲ್ಲ. ಕ್ಯೂ, ಡೇಟಾಬೇಸ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್ನಿಗೆ ಕಟ್ಟುವ ದಾರಿ ಇದೆ, ಆದರೆ ಅದು ಭಾರ, ಎಲ್ಲ ಕಡೆ ಸಿಗುವುದೂ ಇಲ್ಲ. ನಾನು ಮೆಚ್ಚುವುದು ಸರಳ ಉಪಾಯ: ಪ್ರತಿ ವ್ಯವಹಾರಕ್ಕೂ ಕಳಿಸುವವನೇ ಒಂದು ವಿಶಿಷ್ಟ ಸಂಖ್ಯೆ ಕೊಡಲಿ. ಹಣ ಕಳೆಯುವ ಟ್ರಾನ್ಸಾಕ್ಷನ್ನಿನಲ್ಲೇ ಆ ಸಂಖ್ಯೆಯನ್ನೂ ಒಂದು ಟೇಬಲ್ಲಿಗೆ ಪ್ರೈಮರಿ ಕೀ ಆಗಿ ಸೇರಿಸಿ. ಎರಡನೇ ಸಲ ಬಂದರೆ ಡೇಟಾಬೇಸೇ ತಡೆಯುತ್ತದೆ. ನೀವು ಮೆಸೇಜನ್ನು ಒಪ್ಪಿಕೊಂಡು ಸುಮ್ಮನೆ ಮುಂದೆ ಸಾಗಿ.

ಕೊನೆಯದಾಗಿ ಡೆಡ್ ಲೆಟರ್ ಕ್ಯೂ. ತಲುಪಬೇಕಾದ ಕಡೆ ತಲುಪದ ಮೆಸೇಜುಗಳು ಬಂದು ಬೀಳುವ ಜಾಗ ಅದು. ಐಬಿಎಂ ಎಂಕ್ಯೂ ಅಲ್ಲಿ ಪ್ರತಿ ಮೆಸೇಜಿನ ಹಣೆಗೂ ಕಾರಣ ಬರೆದಿಟ್ಟಿರುತ್ತದೆ: 2053 ಇದ್ದರೆ ಕ್ಯೂ ತುಂಬಿತ್ತು, 2085 ಇದ್ದರೆ ಆ ಹೆಸರಿನ ಕ್ಯೂವೇ ಇರಲಿಲ್ಲ. ಅದರಲ್ಲಿ ಒಂದು ಕ್ಯೂನ ಡಿಫಾಲ್ಟ್ ಮಿತಿ ಸಾಮಾನ್ಯವಾಗಿ 5000 ಮೆಸೇಜು. ಓದುವ ಪ್ರೋಗ್ರಾಂ ರಾತ್ರಿ ನಿಂತರೆ ಬೆಳಗಾಗುವುದರೊಳಗೆ ಅದು ತುಂಬುವುದು ಕಷ್ಟವೇನಲ್ಲ. ಕಾರಣ ಬರೆದಿದ್ದರೂ ಓದುವವರಿಲ್ಲದೆ ಡೆಡ್ ಲೆಟರ್ ಕ್ಯೂನ ಮೆಸೇಜುಗಳು ಹಾಗೇ ಬಿದ್ದಿರುತ್ತವೆ. ಪ್ರತಿಯೊಂದರ ಹಿಂದೆಯೂ ಯಾರದೋ ಸಂಬಳ, ಯಾರದೋ ಆಸ್ಪತ್ರೆ ಬಿಲ್ಲು ಇರಬಹುದು. ಹಾಗಾಗಿ ಪ್ರೊಡಕ್ಷನ್ನಿಗೆ ಹೋಗುವ ಮುನ್ನ, ದಿನಾ ಆ ಕ್ಯೂ ನೋಡುವವರು ಯಾರು ಎಂದು ತಂಡದಲ್ಲಿ ಕೇಳಿ ಹೆಸರು ಬರೆದಿಡಿ. ಯಾರೂ ಮುಂದೆ ಬರದಿದ್ದರೆ ನಿಮ್ಮ ಹೆಸರನ್ನೇ ಬರೆಯಿರಿ.