ಹೈವೇ ಕೆಳಗಿನ ದಾರಿ: ಮೊದಲು ನೀರಿನ ಲೆಕ್ಕ

ಸೋಲಾಪುರ–ಅಕ್ಕಲಕೋಟ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 150ಇ, ನಾಲ್ಕು ಪಥವಾದ ಮೇಲೆ ಬಸ್ಸಿನಲ್ಲಿ ಹೋಗುವ ನಮಗೆ ಸಲೀಸಾಯಿತು. ಅದನ್ನು ಅಡ್ಡ ದಾಟುವವರಿಗೆ ಅಷ್ಟು ಸಲೀಸಲ್ಲ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಬರುತ್ತದೆ. ಒಂದು ಬದಿಯ 7 ಮೀಟರ್ ರಸ್ತೆ ದಾಟಲು ನಡೆಯುವ ಮಗುವಿಗೆ 6 ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು 130 ಮೀಟರ್ ಬಂದಿರುತ್ತದೆ. ಸೈಕಲ್ ತಳ್ಳಿಕೊಂಡು ದಾಟುವವರಿಗೆ ಇನ್ನೂ ಹೊತ್ತು ಹಿಡಿಯುತ್ತದೆ.

ಮೈಂದರ್ಗಿಯ ನಮ್ಮ 9ನೇ ತರಗತಿಗೆ ಈ ಲೆಕ್ಕ ಕೊಟ್ಟು, ಇಂಥ ರಸ್ತೆಯ ಕೆಳಗೆ ನಡೆಯುವವರಿಗೂ ಸೈಕಲ್ಲಿಗೂ ಒಂದು ದಾರಿ ಯೋಜಿಸಿರಿ ಎಂದೆ. ಎಲ್ಲರೂ ಸುರಂಗ ಬರೆದರು, ಗೋಡೆಗೆ ಚಿತ್ರ, ಒಳಗೆ ದೀಪ. ಗಟಾರವನ್ನು ಒಬ್ಬರೂ ಬರೆಯಲಿಲ್ಲ. ಕೇಳಿದರೆ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಸರ್, ನಮ್ಮಲ್ಲಿ ಮಳಿನ ಸರಿ ಬರಂಗಿಲ್ಲ, ಗಟಾರ ಯಾಕ್ ಬೇಕ್ರಿ?"

ಪ್ರಶ್ನೆ ದಡ್ಡತನದ್ದಲ್ಲ. ನಮ್ಮದು ಬರದ ಸೀಮೆಯೇ. ಆದರೆ ಬರುವ ಮಳೆ ವರ್ಷವಿಡೀ ಹಂಚಿ ಬರುವುದಿಲ್ಲ, ಕೆಲವೇ ಹೊತ್ತಿನಲ್ಲಿ ಸುರಿದು ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಬೋರಿ, ಭೀಮಾ ಹೇಗೆ ತುಂಬಿ ಹರಿದವೆಂಬುದು ನಮಗೆಲ್ಲ ಗೊತ್ತು. ಎರೆಮಣ್ಣಿನ ಗುಣವೂ ಇಲ್ಲಿ ಸೇರುತ್ತದೆ. ಒಣಗಿದಾಗ ಬಿರುಕು ಬಿಟ್ಟು ಮೊದಲ ಮಳೆ ಕುಡಿಯುತ್ತದೆ, ಆಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮುಂದಿನ ಮಳೆಯೆಲ್ಲ ಮೇಲೆಯೇ ಹರಿದು ತಗ್ಗು ಹುಡುಕುತ್ತದೆ. ನಾವು ತೋಡಿದ ದಾರಿಯೇ ಆ ತಗ್ಗು. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಹೀಗೆ ನಿಂತ ನೀರಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಳು. ಇದನ್ನು ಹೇಳಿದಾಗ ತರಗತಿ ಸುಮ್ಮನಾಯಿತು.

ಆಮೇಲೆ ಲೆಕ್ಕಕ್ಕೆ ಕೂತೆವು. ತಲೆಯ ಮೇಲೆ 2.5 ಮೀಟರ್ ಜಾಗ, ಚಾವಣಿ ಮತ್ತು ರಸ್ತೆಗೆ 1 ಮೀಟರ್ ಎಂದು ಹಿಡಿದೆವು. ಹೈವೇ ನೆಲಮಟ್ಟದಲ್ಲೇ ಇದ್ದರೆ 3.5 ಮೀಟರ್ ತೋಡಬೇಕು. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಸೈಕಲ್ ತುಳಿಯುವ ಮಕ್ಕಳಿಗೆ 1:20 ಇದ್ದರೆ ಒಳ್ಳೆಯದು. ಆಗ ಪ್ರತಿ ಬದಿಗೆ 70 ಮೀಟರ್ ಇಳಿಜಾರು ಬೇಕಾಗುತ್ತದೆ. ಅದೇ ಜಾಗದಲ್ಲಿ ಹೈವೇಯನ್ನೇ 2 ಮೀಟರ್ ಏರಿಸಿದರೆ ತೋಡುವುದು 1.5 ಮೀಟರ್, ಇಳಿಜಾರು 30 ಮೀಟರ್ ಸಾಕು. ರಸ್ತೆ ಕಟ್ಟುವಾಗಲೇ ಇದನ್ನು ಯೋಚಿಸಬೇಕು. ಆಮೇಲೆ ತೋಡುವುದು ದುಬಾರಿ, ನೀರಿನ ಕಾಟವೂ ಜಾಸ್ತಿ.

ಇನ್ನು ನೀರು. 1 ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಇಷ್ಟು ತಿಳಿದರೆ ಸಾಕು. 3 ಮೀಟರ್ ಅಗಲ, 30 ಮೀಟರ್ ಉದ್ದದ ಎರಡು ಇಳಿಜಾರು ಸೇರಿ 180 ಚದರ ಮೀಟರ್. ತಾಸಿಗೆ 50 ಮಿ.ಮೀ. ಮಳೆಯಾದರೆ ನೇರ ಬೀಳುವುದು 9,000 ಲೀಟರ್, 10 ಸಾವಿರ ಲೀಟರಿನ ಒಂದು ಟ್ಯಾಂಕರೂ ತುಂಬುವುದಿಲ್ಲ. ಆದರೆ ಸುತ್ತಲಿನ ಅರ್ಧ ಹೆಕ್ಟೇರ್ ಹೊಲ ಇತ್ತ ಇಳಿದಿದ್ದರೆ? 5,000 ಚದರ ಮೀಟರ್, ಅರ್ಧ ಇಂಗಿತು ಅಂದರೂ 1,25,000 ಲೀಟರ್. ಹನ್ನೆರಡೂವರೆ ಟ್ಯಾಂಕರ್! ಹುಡುಗರು ಎರಡು ಸಲ ಲೆಕ್ಕ ಮಾಡಿ ನೋಡಿದರು. ದಾರಿ ಮುಳುಗುವುದು ಅದರ ಮೇಲೆ ಬಿದ್ದ ಮಳೆಯಿಂದಲ್ಲ, ಹೊರಗಿನಿಂದ ನುಗ್ಗುವ ನೀರಿನಿಂದ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ನೆಲವನ್ನು ಒಂದು ಗೇಣು ಉಬ್ಬಿಸಬೇಕು, ಅದರ ಹೊರಗೆ ಅಡ್ಡ ಗಟಾರ ಹಾಕಬೇಕು. ಪಂಪಿನ ಮಾತು ಆಮೇಲೆ. ಹೇಗೂ ನಮ್ಮಲ್ಲಿ ಮಳೆ ಬಂದ ಕೂಡಲೆ ಮೊದಲು ಹೋಗುವುದು ಕರೆಂಟು.

ಒಳಗೆ ಬಿದ್ದ ನೀರು ತಾನಾಗಿ ಹೊರಹೋಗಬೇಕಾದರೆ ಹತ್ತಿರದ ಹಳ್ಳ ಎಷ್ಟು ತಗ್ಗಿದೆ ಎಂದು ತಿಳಿಯಬೇಕು. ಹಳ್ಳ 300 ಮೀಟರ್ ದೂರ, ಪೈಪಿನ ಇಳಿತ 1:200 ಎನ್ನಿ. ದಾರಿಯ ತಳ 1.5 ಮೀಟರ್ ಕೆಳಗೆ, ಪೈಪಿನ ಇಳಿತ ಇನ್ನೊಂದು 1.5. ಪೈಪಿನ ಬಾಯಿ ನೆಲಮಟ್ಟದಿಂದ 3 ಮೀಟರ್ ಕೆಳಗೆ ಬಂತು. ಹಳ್ಳದ ತಳ 4 ಮೀಟರ್ ಕೆಳಗಿದ್ದರೆ ನೀರು ಹೋಗುತ್ತದೆ. ಆದರೆ ಹಳ್ಳಕ್ಕೆ 3 ಮೀಟರ್ ನೀರು ಬಂದ ದಿನ? ಆಗ ಹಳ್ಳದ ಮಟ್ಟ ದಾರಿಯ ತಳಕ್ಕಿಂತ ಅರ್ಧ ಮೀಟರ್ ಮೇಲಿರುತ್ತದೆ. ಗಟಾರದ ಪೈಪೇ ನೀರನ್ನು ಒಳಗೆ ತರುತ್ತದೆ. ಕೂಡಿಕೊಂಡ ಪಾತ್ರೆಗಳಲ್ಲಿ ದ್ರವದ ಮಟ್ಟ ಒಂದೇ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪೈಪಿನ ಬಾಯಿಗೆ ಹೊರಗಷ್ಟೇ ತೆರೆಯುವ ಕದ ಹಾಕಬೇಕು. ಅದು ಮುಚ್ಚಿದ್ದಾಗ ಒಳಗಿನ ನೀರಿಗೆ ಒಂದು ಗುಂಡಿ, ಅದಕ್ಕೆ ಪಂಪು ಬೇಕು. ನೀರು ಇಷ್ಟು ಏರಿದರೆ ದಾರಿ ಬಂದ್ ಎಂದು ಗೋಡೆಗೆ ಕೆಂಪು ಗೆರೆಯೂ ಇರಲಿ.

ಮಟ್ಟ ಅಳೆಯಲು ಯಂತ್ರ ಬೇಡ. ಗೌಂಡಿಗಳು ಬಳಸುವ ಪಾರದರ್ಶಕ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಎರಡು ತುದಿಯನ್ನು ಎರಡು ಕೋಲಿಗೆ ಕಟ್ಟಿದರೆ ಆಯಿತು. ನಾವು ಶಾಲೆಯ ಗೇಟಿನಿಂದ ನಳದ ಕಟ್ಟೆಯವರೆಗೆ ಅಳೆದೆವು. ಬಿಸಿಲಿಗೆ ಮುಂಚೆ ಮಾಡಿ, ಪೈಪು ಮೆತ್ತಗಾದರೆ ಮಡಚಿಕೊಳ್ಳುತ್ತದೆ.

ಕೊನೆಗೆ ಟ್ರೇಯಲ್ಲಿ ಎರೆಮಣ್ಣು ತಟ್ಟಿ ಎರಡು ದಾರಿ ಮಾಡಿಸಿದೆ, ಒಂದಕ್ಕೆ ಉಬ್ಬು, ಇನ್ನೊಂದಕ್ಕಿಲ್ಲ. ಮೇಲ್ಬದಿಯಿಂದ ಒಂದೊಂದು ತಂಬಿಗೆ ನೀರು ಸುರಿದೆವು. ಉಬ್ಬು ಇಲ್ಲದ್ದು ಕ್ಷಣದಲ್ಲಿ ತುಂಬಿತು. ಉಬ್ಬು ಇದ್ದದ್ದರ ಒಳಗೆ ಸ್ವಲ್ಪವೇ ಜಿನುಗಿತು. ಗಟಾರದ ಪ್ರಶ್ನೆ ಕೇಳಿದ ಹುಡುಗ ಬಗ್ಗಿ ನೋಡಿ, "ಸರ್, ಇದು ಮಣ್ಣಿನ ಒಳಗಿಂದ ಬಂದೈತ್ರಿ" ಅಂದ. ಗೋಡೆಯ ಹಿಂದೆ ಜಲ್ಲಿ ತುಂಬಿ ಸಣ್ಣ ತೂತು ಬಿಡುವುದನ್ನು ಮುಂದಿನ ವಾರದ ತಾಸಿಗೆ ಇಟ್ಟುಕೊಂಡಿದ್ದೇವೆ.