ಇಡೀ ದೋಣಿ ಮಾತಾಡುವ ಮುನ್ನ

ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದ ಆವ್ ನಾಂಗ್ ಕಡಲತೀರದಲ್ಲಿ ದೋಣಿಯವರ ಸಂಘದ ಟಿಕೆಟ್ ಕೌಂಟರಿದೆ. ಅಲ್ಲಿನ ದರಪಟ್ಟಿಯಲ್ಲಿ ಎರಡು ಬಗೆಯ ಲೆಕ್ಕ. ಒಂದು ತಲೆಗೆ ಇಷ್ಟು, ಇನ್ನೊಂದು ದೋಣಿಗೆ ಇಷ್ಟು. ‘ಇಡೀ ದೋಣಿ’ ಅಂದ ಕೂಡಲೇ ಅದು ಉಳ್ಳವರ ಬಾಬತ್ತು ಎಂದು ನಮ್ಮಲ್ಲಿ ಹಲವರು ಆ ಸಾಲನ್ನು ಓದುವುದೇ ಇಲ್ಲ. ಧರ್ಮಸ್ಥಳಕ್ಕೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವಾಗ ಬೆರಳೆಣಿಸಿ ಮಾಡುವ ಲೆಕ್ಕ ವಿದೇಶದ ಸಮುದ್ರದ ಮುಂದೆ ನಿಂತಾಗ ನೆನಪಿಗೇ ಬರುವುದಿಲ್ಲ. ಜನ ಹೆಚ್ಚಿದಷ್ಟೂ ಬಾಡಿಗೆ ಹಂಚಿಹೋಗುತ್ತದೆ ಎನ್ನುವುದು ಅಲ್ಲಿಯೂ ಅಷ್ಟೇ ನಿಜ.

ನಾವು ಹೋಗಿದ್ದು ಆರು ಜನ: ಅಮ್ಮ, ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ನೋಡಬೇಕೆಂದಿದ್ದದ್ದು ಅಲ್ಲಿ ‘ಫೋರ್ ಐಲ್ಯಾಂಡ್ಸ್’ ಎಂದೇ ಮಾರುವ ಜಾಗಗಳು. ಪೋಡಾ, ಟಪ್, ಚಿಕನ್ ಐಲ್ಯಾಂಡ್, ಜೊತೆಗೆ ಫ್ರಾ ನಾಂಗ್ ತೀರ. ಎಲ್ಲರ ಜೊತೆ ಸ್ಪೀಡ್‌ಬೋಟಿನಲ್ಲಿ ಹೋದರೆ ದೊಡ್ಡವರಿಗೆ 1,200 ಬಾಟ್, ಮಕ್ಕಳಿಗೆ 800 ಎಂದರು. ಆರು ಜನಕ್ಕೆ 6,400 ಬಾಟ್, ಊಟವೂ ಅದರಲ್ಲೇ. ಅದೇ ದ್ವೀಪಗಳಿಗೆ ನಮಗಷ್ಟೇ ಒಂದು ಮರದ ಲಾಂಗ್‌ಟೇಲ್ ದೋಣಿ ಬೇಕೆಂದಾಗ ಅರ್ಧ ದಿನಕ್ಕೆ 2,800 ಬಾಟ್ ಹೇಳಿದರು. ಆಗ ಒಂದು ಬಾಟ್‌ಗೆ ಎರಡೂವರೆ ರೂಪಾಯಿಗಿಂತ ತುಸು ಹೆಚ್ಚೇ ಬೀಳುತ್ತಿದ್ದುದರಿಂದ, ಸುಮಾರು ಏಳೂವರೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ತಲೆಗೆ ಲೆಕ್ಕ ಹಾಕಿದರೆ 467 ಬಾಟ್. ಇಬ್ಬರೇ ಆಗಿದ್ದರೆ ತಲೆಗೆ 1,400 ಬೀಳುತ್ತಿತ್ತು.

ಆದರೆ ಈ ಹೋಲಿಕೆಯನ್ನು ಇಲ್ಲಿಗೇ ಬಿಟ್ಟರೆ ಅದು ಪ್ರಾಮಾಣಿಕ ಲೆಕ್ಕವಲ್ಲ. ಬಾಡಿಗೆ ದೋಣಿಯ ದರದಲ್ಲಿ ಊಟವಿಲ್ಲ, ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕವೂ ಇಲ್ಲ. ಈ ದ್ವೀಪಗಳೆಲ್ಲ ಹಾತ್ ನೊಪ್ಪರಾತ್ ತಾರಾ–ಮು ಕೋ ಫಿ ಫಿ ಉದ್ಯಾನಕ್ಕೆ ಸೇರಿದವು. ವಿದೇಶಿಯರ ಶುಲ್ಕ ಸ್ಥಳೀಯರದಕ್ಕಿಂತ ಹಲವು ಪಟ್ಟು. ಫಿ ಫಿ ಕಡೆ ದೊಡ್ಡವರಿಗೆ 400 ಬಾಟ್, ಮಕ್ಕಳಿಗೆ 200. ಆ ದರದಲ್ಲಿ ನಮ್ಮಂಥ ಆರು ಜನರ ಕುಟುಂಬಕ್ಕೆ ಇದೇ 2,000 ಬಾಟ್ ಆಗುತ್ತದೆ. ಗುಂಪಿನ ಪ್ರವಾಸಗಳಲ್ಲೂ ಈ ಶುಲ್ಕವನ್ನು ಎಷ್ಟೋ ಸಲ ಬೇರೆಯಾಗಿಯೇ ವಸೂಲು ಮಾಡುತ್ತಾರೆ. ಹಾಗಾಗಿ ಎರಡು ದರಗಳನ್ನು ಪಕ್ಕಪಕ್ಕ ಇಡುವ ಮೊದಲು ‘ಪಾರ್ಕ್ ಫೀ ಸೇರಿದೆಯೇ’ ಎಂದು ಇಬ್ಬರನ್ನೂ ಕೇಳಬೇಕು. ನಮ್ಮ ಲೆಕ್ಕದಲ್ಲಿ ಊಟ, ಶುಲ್ಕ ಎಲ್ಲ ಸೇರಿಸಿದರೂ ಇಡೀ ದೋಣಿಯೇ ಅಗ್ಗ ಬಿತ್ತು. ಮೂವರು ಹೋದರೆ ಎರಡೂ ಸರಿಸುಮಾರು ಸಮ. ಇಬ್ಬರೇ ಆದರೆ ಇಡೀ ದೋಣಿ ದುಬಾರಿ.

ಹಾಗಂತ ಅಗ್ಗ ಎನ್ನುವ ಒಂದೇ ಕಾರಣಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಇಡೀ ದೋಣಿ ಮಾತಾಡಿದಾಗ ನಾವು ಕೊಳ್ಳುವುದು ಹೊತ್ತಿನ ಮೇಲಿನ ಹಿಡಿತವನ್ನು. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಎಷ್ಟು ನಿಲ್ಲಬೇಕು, ಯಾವಾಗ ಸಾಕು ಅನ್ನಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ. ಆ ಹಿಡಿತವನ್ನು ಬಳಸಿಕೊಳ್ಳುವವರಿಗೆ ಅದು ಕೊಟ್ಟ ಹಣಕ್ಕಿಂತ ಹೆಚ್ಚಿನದು. ಬಳಸಿಕೊಳ್ಳದವರಿಗೆ ಬರೀ ಖಾಲಿ ಸೀಟು.

ಟಪ್ ದ್ವೀಪದ ಹತ್ತಿರ ಥಾಲೆ ವೇಕ್ ಎಂಬ ಜಾಗವಿದೆ. ಸಮುದ್ರ ಇಳಿದಾಗ ದ್ವೀಪದಿಂದ ದ್ವೀಪಕ್ಕೆ ಬಿಳಿ ಮರಳಿನ ದಾರಿ ಏಳುತ್ತದೆ. ನೀರು ಏರಿದರೆ ಅದು ಮುಳುಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಮರಳು ಚೆನ್ನಾಗಿ ತೆರೆದುಕೊಳ್ಳುವುದು ಆಗಲೇ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತ ಹೋಗುತ್ತದೆ. ಗುಂಪಿನ ಪ್ರವಾಸಗಳು ಹೊರಡುವುದು ಮಾತ್ರ ಹೆಚ್ಚುಕಡಿಮೆ ದಿನವೂ ಒಂದೇ ಗಂಟೆಗೆ. ಅವು ಮುಟ್ಟುವ ಹೊತ್ತಿಗೆ ಮರಳು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಾವು ಹಿಂದಿನ ಸಂಜೆ ಉಬ್ಬರ–ಇಳಿತದ ಪಟ್ಟಿ ನೋಡಿ, ದೋಣಿಯವರಿಗೆ ಬೆರಳಿಟ್ಟು ತೋರಿಸಿ, ಅವರು ಹೇಳಿದಂತೆ ದ್ವೀಪಗಳ ಸರದಿಯನ್ನೇ ತಿರುವುಮುರುವು ಮಾಡಿಕೊಂಡೆವು. ಮೊಣಕಾಲು ನೋವಿನ ಅಮ್ಮ ಸಮುದ್ರದ ನಡುವಿನ ಆ ದಾರಿಯಲ್ಲಿ ಅತ್ತೆಯ ಕೈಹಿಡಿದು ನಡೆದರು. 2,800 ಬಾಟ್ ಕೊಟ್ಟದ್ದು ನನ್ನ ಮಟ್ಟಿಗೆ ಆ ಒಂದು ಗಂಟೆಗೆ.

ವಯಸ್ಸಾದವರು ಜೊತೆಗಿದ್ದರೆ ದೋಣಿಯ ಬಗೆಯನ್ನೂ ಯೋಚಿಸಬೇಕು. ಸ್ಪೀಡ್‌ಬೋಟ್ ಅಲೆಯ ಮೇಲೆ ಎದ್ದು ಬೀಳುವಾಗ ಬೆನ್ನಿಗೆ ಬಡಿತ ಜೋರು. ಗರ್ಭಿಣಿಯರನ್ನೂ ಬೆನ್ನುನೋವಿನವರನ್ನೂ ಎಷ್ಟೋ ಕಡೆ ಹತ್ತಿಸಿಕೊಳ್ಳುವುದಿಲ್ಲ. ಲಾಂಗ್‌ಟೇಲ್ ನಿಧಾನ, ಆದರೆ ಸದ್ದು ಹೆಚ್ಚು. ವಾಹನದ ಎಂಜಿನ್ನನ್ನೇ ತಂದು, ಉದ್ದನೆಯ ಸಲಾಕೆಯ ತುದಿಗೆ ಪ್ರೊಪೆಲ್ಲರ್ ಸಿಕ್ಕಿಸಿರುತ್ತಾರೆ. ಹತ್ತುವುದು ಮೊಣಕಾಲುದ್ದ ನೀರಿನಲ್ಲಿ ನಿಂತು, ಸಣ್ಣ ಏಣಿಯಿಂದ. ದೋಣಿಯಲ್ಲಿ ಶೌಚಾಲಯವಿರುವುದಿಲ್ಲ. ನಾನು ಇಡೀ ದಿನದ ದರ ಕೇಳುತ್ತಿದ್ದಾಗ ಅಮ್ಮ ನನ್ನ ತೋಳು ಹಿಡಿದು, ‘ಅರ್ಧ ದಿನ ಸಾಕು ಕಣೇ, ನಂಗೆ ಎರಡು ಗಂಟೆಗೊಂದ್ ಸಲ ನೆಲ ಸಿಗ್ಬೇಕು’ ಅಂದರು. ಅವರ ಮಾತೇ ಸರಿ. ಬಿಸಿಲು ನೆತ್ತಿಗೇರಿದ ಮೇಲೆ ಮಕ್ಕಳೂ ಮುದುಕರೂ ಬಸವಳಿದಿರುತ್ತಾರೆ. ಇಡೀ ದಿನಕ್ಕೆಂದು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಬಹುಪಾಲು ಆ ಆಯಾಸಕ್ಕೇ ಹೋಗುತ್ತದೆ.

ಹಣ ಕೊಟ್ಟರೂ ಸಿಗದ ಸಂಗತಿಗಳಿವೆ. ಸಿಗುತ್ತವೆ ಎಂದು ಮಾರುವವರೂ ಇದ್ದಾರೆ. ‘ದಿ ಬೀಚ್’ ಸಿನಿಮಾದಿಂದ ಹೆಸರಾದ, ಫಿ ಫಿ ಕಡೆಯ ಮಾಯಾ ಕೊಲ್ಲಿಯನ್ನು ಜನರ ದಟ್ಟಣೆಗೆ ಹವಳ ಸತ್ತುಹೋಯಿತೆಂದು 2018ರ ಜೂನ್‌ನಲ್ಲಿ ಮುಚ್ಚಿದರು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಈಗ ಯಾವ ದೋಣಿಯೂ ಕೊಲ್ಲಿಯೊಳಗೆ ಬರುವಂತಿಲ್ಲ. ಹಿಂಬದಿಯ ಲೋ ಸಾಮಾದಲ್ಲಿ ಇಳಿದು ನಡೆದು ಬರಬೇಕು. ಈಜುವಂತಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪೂರ್ತಿ ಬಂದ್. ಇಡೀ ಸ್ಪೀಡ್‌ಬೋಟಿನ ಬಾಡಿಗೆಗೆ ಹತ್ತಾರು ಸಾವಿರ ಬಾಟ್ ಸುರಿದವರಿಗೂ ಇದೇ ನಿಯಮ. ಆದ್ದರಿಂದ ಮಾಯಾ ಕೊಲ್ಲಿಯೊಂದಕ್ಕಾಗಿ ಆವ್ ನಾಂಗ್‌ನಿಂದಲೇ ದೋಣಿ ಮಾತಾಡುವುದು ನನಗೆ ಸರಿಕಾಣುವುದಿಲ್ಲ. ಫೆರ್ರಿಯಲ್ಲಿ ಫಿ ಫಿ ಡಾನ್ ದ್ವೀಪಕ್ಕೆ ಹೋಗಿ, ಅಲ್ಲಿಂದ ಗಂಟೆಯ ಲೆಕ್ಕದಲ್ಲಿ ಲಾಂಗ್‌ಟೇಲ್ ಹಿಡಿದರೆ ತೆರೆದ ಸಮುದ್ರದ ದೂರವೂ ಅದರ ಡೀಸೆಲ್ ಖರ್ಚೂ ನಮ್ಮ ಮೇಲೆ ಬೀಳುವುದಿಲ್ಲ.

ಚೌಕಾಸಿಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ನಾವು ತಂಗಿದ್ದ ಹೋಟೆಲಿನಲ್ಲಿ ಅದೇ ಸುತ್ತಿಗೆ 4,500 ಬಾಟ್ ಕೇಳಿದರು. ನಡುವಿನವರು ಸೇರಿಸಿದ ಆ 1,700 ಬಾಟ್ ಉಳಿಸಲು ನಾವು ಮಾಡಿದ್ದು ಕಡಲತೀರದ ಕೌಂಟರಿಗೆ ನಡೆದುಹೋಗಿದ್ದು, ಅಷ್ಟೇ. ಉಳಿತಾಯ ಇರುವುದು ಅಲ್ಲಿ. ಕೌಂಟರಿನಲ್ಲಿ ಸಂಘದವರು ಬರೆದಿಟ್ಟ ದರದಲ್ಲಿ ಇಂಧನ, ದೋಣಿಯ ರಿಪೇರಿ, ದುಡಿಯುವವರ ದಿನಗೂಲಿ ಎಲ್ಲ ಇದೆ. ಅಲ್ಲಿ ಇನ್ನೂರು ಮುನ್ನೂರಕ್ಕೆ ಜಗ್ಗಿದರೆ ದೋಣಿಯವರು ಅದನ್ನು ಹೊತ್ತಿನಲ್ಲಿ ಇಲ್ಲವೇ ಡೀಸೆಲ್‌ನಲ್ಲಿ ಸರಿದೂಗಿಸಿಕೊಳ್ಳಬೇಕಾಗುತ್ತದೆ. ಅದರ ಬದಲು ಹೊರಡುವ ಗಂಟೆ, ನಿಲ್ಲುವ ಜಾಗಗಳು, ಮರಳುವ ಗಂಟೆ, ತಡವಾದರೆ ಗಂಟೆಗೆ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲರಿಗೂ, ಮುಖ್ಯವಾಗಿ ಮಕ್ಕಳ ಅಳತೆಗೆ, ಲೈಫ್ ಜಾಕೆಟ್ ಇದೆಯೇ ಎಂದು ಕಣ್ಣಾರೆ ನೋಡಿ. ಇನ್ನೊಂದು ಮಾತು: ದೋಣಿಯ ಮೂತಿಗೆ ಬಣ್ಣಬಣ್ಣದ ಬಟ್ಟೆ ಸುತ್ತಿರುತ್ತದೆ. ಅದು ದೋಣಿ ಕಾಯುವ ಮೇ ಯಾ ನಾಂಗ್ ತಾಯಿಗೆ ಸಲ್ಲಿಸುವ ಗೌರವ. ಅದರ ಮೇಲೆ ಕಾಲಿಡದಂತೆ ಮಕ್ಕಳಿಗೆ ಮೊದಲೇ ಹೇಳಿದ್ದೆ.

ಮಳೆಗಾಲದ ರಿಯಾಯಿತಿ ಕಂಡು ಟಿಕೆಟ್ ಮಾಡುವವರಿಗೆ ಒಂದು ಮಾತು. ಮಲ್ಪೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಿರುವ ಹೊತ್ತಿನಲ್ಲೇ ಅದೇ ನೈಋತ್ಯ ಮಾರುತ ಥಾಯ್ಲೆಂಡಿನ ಅಂಡಮಾನ್ ತೀರವನ್ನೂ ಬಡಿಯುತ್ತಿರುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಕಡಲು ಒರಟು. 2018ರ ಜುಲೈ 5ರಂದು ಫುಕೆಟ್ ಬಳಿ ಫೀನಿಕ್ಸ್ ಎಂಬ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಚೀನೀ ಪ್ರವಾಸಿಗಳು ಸತ್ತರು. ಹವಾಮಾನದ ಎಚ್ಚರಿಕೆ ಇದ್ದೂ ಹೊರಟ ದೋಣಿ ಅದು. ಇಡೀ ದೋಣಿಯನ್ನು ಹಣ ಕೊಟ್ಟು ಹಿಡಿದವರಿಗೆ ‘ಏನಾದರೂ ಆಗಲಿ, ಹೊರಡೋಣ’ ಎನ್ನುವ ಒತ್ತಡ ಹಾಕುವ ಶಕ್ತಿಯೂ ಬಂದುಬಿಡುತ್ತದೆ. ದಯವಿಟ್ಟು ಆ ಶಕ್ತಿಯನ್ನು ಬಳಸಬೇಡಿ. ದೋಣಿಯವರು ಬೇಡ ಅಂದರೆ ಬೇಡವೇ. ಹವಾಮಾನ ಕೆಟ್ಟರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ, ಅದನ್ನೂ ಚೀಟಿಯಲ್ಲಿ ಬರೆಸಿ. ಪ್ರವಾಸದ ವಿಮೆ ಮಾಡಿಸುವಾಗ ದೋಣಿಯಾನವೂ ಸ್ನಾರ್ಕೆಲಿಂಗೂ ಅದರಡಿ ಬರುತ್ತವೆಯೇ ಎಂದು ಓದಿ.

ದೋಣಿಗೆ ನಗದೇ ಬೇಕು. ನಾವು ಹೋದಾಗ ಅಲ್ಲಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾಟ್‌ನಷ್ಟು ಶುಲ್ಕ ಮುರಿದುಕೊಳ್ಳುತ್ತಿದ್ದವು. ನಮ್ಮ ಬ್ಯಾಂಕಿನ ಮಾರ್ಕಪ್ ಅದರ ಮೇಲೆ ಬೇರೆ. ದಿನಕ್ಕಿಷ್ಟು ಎಂದು ತೆಗೆಯುತ್ತ ಹೋದರೆ ಒಂದು ಊಟದ ಖರ್ಚು ಅಲ್ಲೇ ಕರಗುತ್ತದೆ. ದೋಣಿ, ಪಾರ್ಕ್ ಶುಲ್ಕ, ಎಳನೀರು ಎಲ್ಲ ಕೂಡಿಸಿ ಒಂದೇ ಸಲ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಇಬ್ಬರೇ ಹೋಗುವವರು ಇಡೀ ದೋಣಿಯ ಆಸೆ ಬಿಡಬೇಕಿಲ್ಲ. ಬೆಳಗಿನ ತಿಂಡಿಯ ಹೊತ್ತಿನಲ್ಲಿ ಪಕ್ಕದ ಮೇಜಿನವರನ್ನು ಮಾತಾಡಿಸಿ. ಇನ್ನೊಂದು ಜೋಡಿ ಸೇರಿದರೆ 2,800 ಎನ್ನುವುದು ತಲೆಗೆ 700ಕ್ಕೆ ಇಳಿಯುತ್ತದೆ. ಎಲ್ಲ ಕಡೆಗೂ ಬೇರೆ ದೋಣಿ ಬೇಕೆಂದೂ ಅಲ್ಲ. ರೈಲೇ ತೀರಕ್ಕೆ ಸುಣ್ಣಕಲ್ಲಿನ ಬೆಟ್ಟಗಳು ಅಡ್ಡವಿರುವುದರಿಂದ ರಸ್ತೆಯಿಲ್ಲ, ದೋಣಿಯೇ ಗತಿ. ಹಗಲಿನಲ್ಲಿ ತಲೆಗೆ 100 ಬಾಟ್, ಎಂಟು ಜನ ತುಂಬಿದರೆ ಹೊರಡುತ್ತದೆ. ಕತ್ತಲಾದ ಮೇಲೆ ದರ ಏರುತ್ತದೆ. ನಾವು ಹೋದಾಗ ಆರು ಜನ ನಾವೇ ಇದ್ದೆವು. ಉಳಿದ ಎರಡು ಸೀಟಿಗೆ 200 ಬಾಟ್ ಕೊಟ್ಟು ಕೂಡಲೇ ಹೊರಡಬಹುದಿತ್ತು. ಆದರೆ ಅವತ್ತು ನಮಗೆ ಯಾವ ಅವಸರವೂ ಇರಲಿಲ್ಲ. ಇಬ್ಬರು ಬರುವ ತನಕ ಕಾದೆವು, ಸಂಜೆ ದರ ಏರುವ ಮೊದಲೇ ಮರಳಿ ಬಂದೆವು.