ಟಿವಿ ಹಿಂದೆ ಒಮ್ಮೆ ಕೈ ಹಾಕಿ ನೋಡು

ಅಳಿಯಾ, ಹೊಸದುರ್ಗದ ಮನೆಗೆ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿದ್ದೀಯಂತೆ. ಫೋನಿನಲ್ಲಿ ಅಕ್ಕ ಅದನ್ನ ಹೇಳುವಾಗ ಅವಳ ದನಿಯಲ್ಲೇ ಸಂಭ್ರಮ ಕೇಳಿಸ್ತು. ಒಳ್ಳೇ ಕೆಲಸ ಮಾಡಿದೆ. ನೀನು ಬೆಂಗಳೂರು ಬಸ್ಸು ಹತ್ತಿದ ಮೇಲೆ ಸಂಜೆ ಹೊತ್ತು ಆ ಮನೆಯಲ್ಲಿ ಮಾತಾಡೋ ದನಿ ಅಂತ ಇರೋದು ಅದೊಂದೇ. ಚಂದನದ ವಾರ್ತೆ, ಅವಳ ಧಾರಾವಾಹಿ, ಯೂಟ್ಯೂಬಿನಲ್ಲಿ ಸಿಕ್ಕರೆ ಸಾಣೇಹಳ್ಳಿಯ ನಾಟಕ. ಅದಕ್ಕೇ ಈ ಮಾತು ಹೇಳ್ತಿದ್ದೀನಿ. ಮುಂದಿನ ಸಲ ಬಂದಾಗ ಟಿವಿ ಹಿಂದೆ ಕೈ ಹಾಕಿ ಒಂದೊಂದು ವಯರನ್ನೂ ಮುಟ್ಟಿ ನೋಡು. ಯಾವುದು ಬಿಗಿಯಾಗಿದೆ, ಯಾವುದು ಜೋತು ಬಿದ್ದಿದೆ, ಯಾವುದನ್ನ ಏನು ಎಳೀತಿದೆ ಅನ್ನೋದು ಕೈಗೇ ಗೊತ್ತಾಗುತ್ತೆ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಅಂತ ಊರೂರು ತಿರುಗಿ ಟಿವಿ ರಿಪೇರಿ ಮಾಡಿಕೊಂಡೇ ನನ್ನ ತಲೆ ನರೆತದ್ದು ನಿನಗೆ ಗೊತ್ತು. ‘ಟಿವಿ ಕೆಟ್ಟಿದೆ ಬನ್ನಿ’ ಅಂತ ಕರೆದ ಎಷ್ಟೋ ಮನೆಗಳಲ್ಲಿ ಟಿವಿ ಕೆಟ್ಟೇ ಇರುತ್ತಿರಲಿಲ್ಲ. ಪಿನ್ನು ಒಂದು ಕಾಳಿನಷ್ಟು ಹಿಂದೆ ಸರಿದಿರುತ್ತಿತ್ತು, ಅಷ್ಟೇ. ವಯಸ್ಸಾದವರಿಗೆ ಅದು ತಿಳಿಯೋದು ಹೇಗೆ? ಪರದೆ ಮೇಲೆ ‘ಸಿಗ್ನಲ್ ಇಲ್ಲ’ ಅಂತ ಬಂದರೆ ಕರೆನ್ಸಿ ಮುಗೀತೇನೋ ಅಂದುಕೊಂಡು ಸುಮ್ಮನೆ ಕೂರುತ್ತಾರೆ. ಮಗನಿಗೆ ಯಾಕೆ ತೊಂದರೆ ಅಂತ ಫೋನನ್ನೂ ಮಾಡೋದಿಲ್ಲ. ಹೊಳಲ್ಕೆರೆ ಹತ್ತಿರ ಅಡಿಕೆ ತೋಟದ ಒಂದು ಮನೆಯಲ್ಲಿ ಪ್ಯಾನೆಲ್ಲೇ ಹೋಗಿದೆ, ಹೊಸದು ತಗೊಳ್ಳಿ ಅಂತ ಯಾರೋ ಹೇಳಿ ಹೋಗಿದ್ದರು. ಹಿಂದೆ ನೋಡಿದರೆ ಸೆಟ್‌ಟಾಪ್ ಬಾಕ್ಸು ಡಬಲ್ ಟೇಪಿನಿಂದ ಕಳಚಿ, ಎಚ್‌ಡಿಎಂಐ ವಯರಿನ ಮೇಲೇ ತೂಗ್ತಿತ್ತು. ಬಾಕ್ಸನ್ನ ಸ್ಟ್ಯಾಂಡಿನ ಮೇಲಿಟ್ಟು ವಯರನ್ನ ನೇರ ಮಾಡಿ ಕೂರಿಸಿದ ತಕ್ಷಣ ಚಿತ್ರ ಬಂತು. ಆ ಅಜ್ಜಿಗೆ ಆದ ಸಮಾಧಾನ ನನಗೆ ಇನ್ನೂ ನೆನಪಿದೆ.

ಮೊದಲು ಹೀಗಿರಲಿಲ್ಲ ನೋಡು. 1987ರ ಸುಮಾರಿಗೆ ರಾಮಾಯಣ ಬರ್ತಿದ್ದಾಗ ಮಾಳಿಗೆ ಮೇಲೆ ಪೈಪು ನೆಟ್ಟು ಆಂಟೆನಾ ಕಟ್ಟಿ, ಅಲ್ಲಿಂದ ಚಪ್ಪಟೆ ವಯರು ಇಳಿಸಿ ಟಿವಿ ಹಿಂದಿನ ಎರಡು ಸ್ಕ್ರೂಗಳಿಗೆ ಸುತ್ತಿ ಬಿಗಿ ಮಾಡ್ತಿದ್ವಿ. ಎಳೆದರೂ ಬರ್ತಿರಲಿಲ್ಲ. ಕಂಪ್ಯೂಟರಿನ ವಿಜಿಎ ವಯರಿಗೂ ಎರಡು ಕಡೆ ಕೈಯಲ್ಲಿ ತಿರುಗಿಸೋ ಸ್ಕ್ರೂ ಇತ್ತು. ಡಿಶ್ಶಿನ ವಯರಿನ ಪಿನ್ನಿಗೆ ಇವತ್ತಿಗೂ ತಿರುಗಿಸಿ ಕೂರಿಸೋ ಮರೆ ಇದೆ. ಆದರೆ 2002ರ ಕೊನೆಗೆ ಹುಟ್ಟಿ ಈಗ ಮನೆಮನೆಯಲ್ಲೂ ಇರೋ ಎಚ್‌ಡಿಎಂಐಗೆ ಸ್ಕ್ರೂನೂ ಇಲ್ಲ, ಚಿಲಕವೂ ಇಲ್ಲ. ಒಂದೂವರೆ ಸೆಂಟಿಮೀಟರೂ ಅಗಲವಿಲ್ಲದ ಆ ಬಾಯೊಳಗೆ 19 ಸಂಪರ್ಕಗಳು ಒಟ್ಟಿಗೆ ಕೂರಬೇಕು. ಅದನ್ನ ಹಿಡಿದಿಡೋದು ಸಾಕೆಟ್ಟಿನ ತಗಡಿನಲ್ಲಿರೋ ಸಣ್ಣ ಸ್ಪ್ರಿಂಗ್ ಪಟ್ಟಿಗಳು ಮಾತ್ರ. 19ರಲ್ಲಿ ಕೊನೆಯದು ಬಾಕ್ಸಿಗೆ ‘ಟಿವಿ ಇದೆ’ ಅಂತ ತಿಳಿಸೋ ಸಂಪರ್ಕ. ಅದು ಒಂದು ಗಳಿಗೆ ಬಿಟ್ಟರೂ ಚಿತ್ರ ಪೂರ್ತಿ ಹೋಗಿ, ಎರಡೂ ಮತ್ತೆ ಪರಿಚಯ ಮಾಡಿಕೊಂಡ ಮೇಲೇ ಬರೋದು. ಚುಕ್ಕಿಚುಕ್ಕಿ ಮಿಂಚೋದು, ಚಿತ್ರ ಇದ್ದೂ ದನಿ ಹೋಗೋದು, ಪರದೆ ಕಪ್ಪಾಗಿ ಮತ್ತೆ ಬೆಳಗೋದು, ಇವೆಲ್ಲಕ್ಕೂ ಮೊದಲು ಅನುಮಾನ ಪಡಬೇಕಾದ್ದು ವಯರಿನ ತುದಿಯ ಆ ಪಿನ್ನನ್ನ.

ಆ ಸಾಕೆಟ್ಟು ಟಿವಿಯ ಮದರ್‌ಬೋರ್ಡಿಗೆ ಬೆಸುಗೆಯಿಂದ ಅಂಟಿರುತ್ತೆ. 10,000 ಸಲ ಹಾಕಿ ತೆಗೆದರೂ ತಡೀಬೇಕು ಅಂತ ಅದರ ನಿಯಮ ಇದೆ, ಹಾಗಾಗಿ ನೇರವಾಗಿ ಹಾಕಿ ತೆಗೆಯೋದರಿಂದ ಅದು ಬೇಗ ಹಾಳಾಗೋದಿಲ್ಲ. ಹಾಳು ಮಾಡೋದು ಅಡ್ಡ ಎಳೆತ, ಕೆಳಗಿನ ಜಗ್ಗು. ತಿಂಗಳುಗಟ್ಟಲೆ ಒಂದೇ ಕಡೆ ಜಗ್ಗಿ ಜಗ್ಗಿ ಬೆಸುಗೆ ಬಿರುಕು ಬಿಟ್ಟರೆ ಬೋರ್ಡು ಬಿಚ್ಚಲೇಬೇಕು. ಅಲ್ಲಿಂದಾಚೆ ಅದು ದುಡ್ಡಿನ ಕೆಲಸ. ಎತ್ತು ಗಾಡಿ ಎಳೆಯೋದು ಹೆಗಲಿನಿಂದ, ಮೂಗುದಾರದಿಂದ ಅಲ್ಲವಲ್ಲ, ಇಲ್ಲೂ ಹಾಗೇ. ವಯರಿನ ಭಾರ ಗೋಡೆ ಹೊರಬೇಕು, ಸ್ಟ್ಯಾಂಡು ಹೊರಬೇಕು. ಸಾಕೆಟ್ಟು ಚಿತ್ರ ತಗೊಂಡರೆ ಸಾಕು.

ಮೊದಲು ವಯರಿನ ಉದ್ದ ನೋಡು. ಬಾಕ್ಸು ಟಿವಿಯ ಕೆಳಗೇ ಇರೋದಾದರೆ ಒಂದೂವರೆ ಮೀಟರು ಧಾರಾಳ. ಇರಲಿ ಅಂತ ಐದು ಮೀಟರಿನದು ತಂದರೆ ಅದು ದಪ್ಪ, ಬಿರುಸು, ತೂಕ. ಮಿಕ್ಕಿದ್ದನ್ನ ಸುತ್ತಿ ಹಿಂದೆ ತುರುಕಿದರೆ ಆ ಸಿಂಬಿಯೇ ಪಿನ್ನನ್ನ ಹೊರಕ್ಕೆ ತಳ್ಳುತ್ತೆ. ಹಾಗಂತ ತಂಬೂರಿ ತಂತಿಯಂತೆ ಬಿಗಿಯಾಗಿಯೂ ಇರಬಾರದು. ಪಿನ್ನಿನಿಂದ ಒಂದು ಗೇಣು ದೂರದಲ್ಲಿ ವಯರು ಸಡಿಲವಾಗಿ ಬಾಗಿ ಬರಲಿ, ಅಲ್ಲಿ ಗೋಡೆಯ ಫ್ರೇಮಿಗೆ ಒಂದು ಪ್ಲಾಸ್ಟಿಕ್ ಟ್ಯಾಗು ಹಾಕಿ ಕಟ್ಟು. ತೀರಾ ಬಿಗಿಯೋದು ಬೇಡ, ಟ್ಯಾಗು ವಯರಿನ ಮೈ ಕಚ್ಚಬಾರದು. ಇನ್ನು ಯಾರ ಕಾಲು ಕೆಳಗೆ ತಾಗಿದರೂ, ಪೊರಕೆ ಸಿಕ್ಕಿದರೂ, ಎಳೆತ ಆ ಟ್ಯಾಗಿಗೇ ನಿಲ್ಲುತ್ತೆ.

ನಿನ್ನ ಟಿವಿ ಗೋಡೆಗೆ ಒತ್ತಿಕೊಂಡಂತೆ ಕೂತಿದೆ ಅಂತ ಅಕ್ಕ ಹೇಳಿದಳು. ಸಾಕೆಟ್ಟು ಪಕ್ಕಕ್ಕೆ ಮುಖ ಮಾಡಿದ್ದರೆ ಚಿಂತೆ ಇಲ್ಲ. ಹಿಂದಕ್ಕೆ ಮುಖ ಮಾಡಿದ್ದರೆ ವಯರು ಗೋಡೆಗೆ ಗುದ್ದಿ ಮುರಿದಂತೆ ಬಾಗಿರುತ್ತೆ. ಆಗ ಎಲ್ ಆಕಾರದ ಪಿನ್ನು ಬೇಕು. ಅದರಲ್ಲಿ ಮೇಲಕ್ಕೆ ತಿರುಗೋದು ಬೇರೆ, ಕೆಳಕ್ಕೆ ತಿರುಗೋದು ಬೇರೆ. ಟಿವಿ ಹಿಂಭಾಗದ ಒಂದು ಫೋಟೋ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ತೋರಿಸು. ಯೂಟ್ಯೂಬಿಗೆ ಅಂತ ಹಾಕೋ ಸ್ಟಿಕ್ಕನ್ನೂ ನೇರ ಸಾಕೆಟ್ಟಿಗೆ ಚುಚ್ಚಿ ತೂಗು ಬಿಡಬೇಡ. ಗೇಣುದ್ದದ ತುಂಡು ವಯರು ಸಿಗುತ್ತೆ, ಅದರ ಮೂಲಕ ಹಾಕು. ಆಮೇಲೆ ಬಾಕ್ಸು. ಡಬಲ್ ಟೇಪು ನಂಬಬೇಡ. ನಮ್ಮ ಚಿತ್ರದುರ್ಗ ಸೀಮೆಯ ಏಪ್ರಿಲ್ ಬಿಸಿಲಿಗೆ ಅದರ ಅಂಟು ಸೋತುಹೋಗುತ್ತೆ. ಬಡಗಿಯನ್ನ ಕರೆಸಿ ಒಂದು ಹಲಗೆ ಹೊಡೆಸು.

ನಿನ್ನ ಹೆಂಡತಿಗೂ ಒಂದು ಮಾತು ತಿಳಿಸು. ಅವಳ ಶಾಲೆಯಲ್ಲೂ ಸ್ಮಾರ್ಟ್ ಕ್ಲಾಸಿನ ಟಿವಿ ಇದೆಯಲ್ಲ. ಅಲ್ಲಿ ದಿನಕ್ಕೊಬ್ಬರು ಲ್ಯಾಪ್‌ಟಾಪು ತಂದು ಹಾಕಿ ಕೀಳ್ತಾರೆ. ಟಿವಿ ಕಡೆಯ ಪಿನ್ನನ್ನ ಯಾರೂ ಮುಟ್ಟಬಾರದು. ಅಲ್ಲಿಂದ ಒಂದು ಎಕ್ಸ್‌ಟೆನ್ಷನ್ ವಯರು ಮೇಜಿನವರೆಗೆ ತಂದು ಮೇಜಿಗೇ ಕಟ್ಟಿಬಿಟ್ಟರೆ ಹಾಕೋದು ತೆಗೆಯೋದು ಎಲ್ಲ ಮೇಜಿನ ಕಡೆ ಆಗುತ್ತೆ. ಸವೆದರೆ ಕೆಲವೇ ನೂರು ರೂಪಾಯಿಯ ವಯರು ಸವೆಯುತ್ತೆ, ಟಿವಿ ಉಳಿಯುತ್ತೆ. ಸರ್ಕಾರಿ ಶಾಲೆಯಲ್ಲಿ ಒಮ್ಮೆ ಕೆಟ್ಟದ್ದು ರಿಪೇರಿಯಾಗಿ ಬರೋಷ್ಟರಲ್ಲಿ ಮಕ್ಕಳ ಒಂದು ವರ್ಷವೇ ಕಳೆದಿರುತ್ತೆ.

ಇನ್ನು ಮನೆಯ ಹೊರಗಿನದು. ಮತ್ತೋಡು ಕಡೆಯ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನ ನೋಡಿದ್ದೀಯಲ್ಲ? ಗಾಳಿ ಇರೋ ಸೀಮೆ ಅಂತಲೇ ಅವನ್ನ ಇಲ್ಲಿ ನೆಟ್ಟಿದ್ದು. ಆ ಆಷಾಢದ ಗಾಳಿ ನಿಮ್ಮ ಮಾಳಿಗೆ ಮೇಲಿನ ಡಿಶ್ಶನ್ನೂ ಬಿಡೋದಿಲ್ಲ. ನಿಮ್ಮದು ಫ್ರೀ ಡಿಶ್ಶು, ಆಗ್ನೇಯಕ್ಕೆ ಮುಖ ಮಾಡಿ 93.5 ಡಿಗ್ರಿಯ ಜಿಸ್ಯಾಟ್-15 ಉಪಗ್ರಹವನ್ನ ನೋಡ್ತಿರುತ್ತೆ. ತಟ್ಟೆ ಅಲುಗಾಡದಂತೆ ಬೋಲ್ಟು ಬಿಗಿ ಇದ್ದರೆ ಸಾಲದು. ತಟ್ಟೆಯ ಮುಂದೆ ತೋಳಿನ ತುದಿಯಲ್ಲಿರೋ ಎಲ್‌ಎನ್‌ಬಿಯಿಂದ ಇಳಿಯೋ ವಯರು ಗಾಳಿಗೆ ಪಟಪಟ ಹೊಡ್ಕೊಳ್ಳದಂತೆ ಆ ತೋಳಿಗೆ, ಪೈಪಿಗೆ ಕಟ್ಟಿರಬೇಕು. ಪಿನ್ನನ್ನ ಬಿಚ್ಚಿ ನೋಡು. ನಡುವಿನ ತಾಮ್ರದ ಎಳೆ ಎರಡು ಮೂರು ಮಿಲಿಮೀಟರು ಹೊರಗೆ ಚಾಚಿರಬೇಕು, ಸುತ್ತಲಿನ ಜಾಲರಿಯ ಒಂದು ಕೂದಲೂ ಅದನ್ನ ಮುಟ್ಟಬಾರದು. ಹೊರಗಿನ ಪಿನ್ನನ್ನ 11ರ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿ ಮಾಡು. ಒಳಗೆ ಬಾಕ್ಸಿನ ಹಿಂದಿನದಕ್ಕೆ ಕೈಬಿಗಿ ಸಾಕು.

ನಮ್ಮದು ಬರದ ಸೀಮೆ, ಮಳೆಯ ಚಿಂತೆ ಏನು ಅಂತ ಇಲ್ಲಿನವರು ಹೊರಗಿನ ಜಾಯಿಂಟನ್ನ ಬೆತ್ತಲೆ ಬಿಟ್ಟುಬಿಡ್ತಾರೆ. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 2022ರಲ್ಲಿ, ಆ ವರ್ಷ ಹಿರಿಯೂರು ಕಡೆ ನಾನು ಬಿಚ್ಚಿದ ಪಿನ್ನುಗಳಲ್ಲಿ ತಾಮ್ರ ಹಸಿರು ತಿರುಗಿತ್ತು. ಪಿನ್ನಿನ ಮೇಲೆ ರಬ್ಬರ್ ಟೋಪಿ ಹಾಕು. ವಯರು ಮನೆಯೊಳಗೆ ತೂರೋ ಜಾಗದಲ್ಲಿ ಸ್ವಲ್ಪ ಕೆಳಗೆ ಬಾಗಿ ಆಮೇಲೆ ಮೇಲೇರಿ ಒಳಗೆ ಹೋಗಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಒಳಕ್ಕೆ ಹರಿಯೋದಿಲ್ಲ.

ಗುಡುಗಿನ ವಿಷಯದಲ್ಲಿ ಮಾತ್ರ ನನ್ನ ಮಾತು ತಿರುಗುಮುರುಗು. ಅಶ್ವಿನಿ, ಭರಣಿ ಮಳೆಯ ಸಂಜೆಗಳಲ್ಲಿ ಮೋಡ ಕಟ್ಟಿತು ಅಂದರೆ ಎರಡು ವಯರು ಬಿಚ್ಚಲೇಬೇಕು. ಕರೆಂಟಿನ ಪ್ಲಗ್ಗು ಒಂದು, ಡಿಶ್ಶಿನ ವಯರು ಇನ್ನೊಂದು. ಎಚ್‌ಡಿಎಂಐ ತಂಟೆಗೆ ಹೋಗೋದು ಬೇಡ. ಅಕ್ಕ ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೀಳದಂತೆ ಬಿಚ್ಚಬೇಕಾದ ಆ ಎರಡಕ್ಕೆ ಕೆಂಪು ದಾರ ಕಟ್ಟು, ಅವಳ ಕೈಗೆ ಸಿಗೋ ಎತ್ತರದಲ್ಲಿ ಇರಿಸು. ಬಾಕ್ಸಿನ ಹಿಂದಿನ ಪಿನ್ನು ತಿರುಗಿಸೋದನ್ನ ಅವಳ ಕೈಯಲ್ಲೇ ಮಾಡಿಸಿ ಕಲಿಸು. ಮಿಂಚು ನೆತ್ತಿ ಮೇಲೆ ಬಂದ ಮೇಲೆ ಮುಟ್ಟಬಾರದು, ಮೋಡ ದೂರ ಇದ್ದಾಗಲೇ ಬಿಚ್ಚಬೇಕು ಅಂತಲೂ ಒತ್ತಿ ಹೇಳು.

ಯುಗಾದಿಗೆ ಸುಣ್ಣಬಣ್ಣ, ಮಾರ್ನವಮಿಗೆ ಮನೆ ತೊಳೆಯೋದು, ಆ ಎರಡು ಹೊತ್ತಿನಲ್ಲೂ ಟಿವಿ ಇಳಿಸ್ತಾರೆ. ವಯರು ಹಿಡಿದು ಎಳೆಯಬಾರದು, ಪಿನ್ನಿನ ಬುಡ ಹಿಡಿದು ನೇರ ಹಿಂದಕ್ಕೆ ತೆಗೀಬೇಕು. ಹಾಕುವಾಗಲೂ ಅಷ್ಟೇ, ಅಗಲದ ಕಡೆ ಯಾವುದು ನೋಡಿಕೊಂಡು, ಕೊನೆ ಮುಟ್ಟೋವರೆಗೆ ತಳ್ಳಬೇಕು. ಪಿನ್ನು ಸಡಿಲ ಅನ್ನಿಸಿದರೆ ಕೆಲವರು ಕಾಗದ ಮಡಿಚಿ ತುರುಕ್ತಾರೆ, ಬೆಂಕಿಕಡ್ಡಿ ಚುಚ್ತಾರೆ. ದಯವಿಟ್ಟು ಯಾರಿಗೂ ಹಾಗೆ ಮಾಡೋಕೆ ಬಿಡಬೇಡ, ಒಳಗಿನ ಸ್ಪ್ರಿಂಗು ಪೂರ್ತಿ ಸತ್ತುಹೋಗುತ್ತೆ. ಮೊದಲು ಬೇರೆ ವಯರು ಹಾಕಿ ನೋಡು. ಅದೂ ಸಡಿಲವಾಗೇ ಇದ್ದರೆ ಟಿವಿಯಲ್ಲಿ ಇನ್ನೊಂದು ಎರಡು ಸಾಕೆಟ್ಟು ಖಾಲಿ ಇರುತ್ತೆ, ಅದಕ್ಕೆ ಬದಲಾಯಿಸಿ ರಿಮೋಟಿನಲ್ಲಿ ಎಚ್‌ಡಿಎಂಐ-2 ಒತ್ತು. ಆ ಬಟನ್ನು ಯಾವುದು ಅಂತ ಅಕ್ಕನಿಗೂ ತೋರಿಸಿಡು.

ದೀಪಾವಳಿಗೆ ಬರ್ತೀಯಲ್ಲ, ಚಿತ್ರದುರ್ಗದಲ್ಲಿ ಇಳಿದಾಗ ಒಂದೂವರೆ ಮೀಟರಿನ ಒಳ್ಳೇ ವಯರು, ಒಂದು ಪ್ಯಾಕೆಟ್ಟು ಟ್ಯಾಗು, ಎರಡು ರಬ್ಬರ್ ಟೋಪಿ ತಗೊಂಡು ಬಾ. ಸ್ಪ್ಯಾನರು ನನ್ನ ಹತ್ತಿರ ಇದೆ. ಬೆಳಗ್ಗೆ ತಿಂಡಿ ಆದ ಮೇಲೆ ಇಬ್ಬರೂ ಕೂತು ಮಾಡಿ ಮುಗಿಸೋಣ.